ಅಮ್ಮ ಯಾರ ಪಾಲಿಗೆ?

ಕಂಡಕ್ಟರಮ್ಮನಿಗೆ ಕಾಲು ಹೋಗಿತ್ತು, ಕಿವಿ ಹೋಗಿರಲಿಲ್ಲ. ಬಾಯಂತೂ ಹೋಗುವ ಮಾತೇ ಇಲ್ಲ. ಅರ್ಧ ಆಯುಸ್ಸು ಬಸ್ಸಿನಲ್ಲಿ ಟಿಕೆಟ್ ಹರಿದವಳು. ಸೊಂಟ ಮುರಿದು ನಡುಮನೆಯ ಮಂಚ ಹಿಡಿದ ಮೇಲೂ ಮನೆಗೆ ಬಂದವರನ್ನೆಲ್ಲ "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ನಡೀರಿ" ಎಂದು ಗದರುವುದನ್ನು ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ತಾಲ್ಲೂಕು ಕಚೇರಿಯ ಸಾಹೇಬರು ಬೀದಿಯಲ್ಲಿ ಮೈಕು ಹಿಡಿದು ಹೇಳಿ ಹೋಗಿದ್ದರು. ಗುಡ್ಡದ ಮೇಲಿನ ಹಳೆಯ ಅಣೆಕಟ್ಟೆಯ ಗೋಡೆ ಜಿನುಗುತ್ತಿದೆ. ರಿಪೇರಿ ನಡೆದಿದೆ, ಆದರೆ ಮಳೆಗಾಲ ಮುಗಿಯುವ ತನಕ ನಂಬುವ ಹಾಗಿಲ್ಲ. ಶಾಲೆಯ ಮಾಳಿಗೆ ಮೇಲೆ ಸೈರನ್ ಕೂರಿಸಿದ್ದೇವೆ. ಅದು ಕೂಗಿದರೆ ಏರು ಹತ್ತಿ ಶಾಲೆಗೆ ಬಂದುಬಿಡಿ. ಯಾರು ಏನು ಹಿಡಿದುಕೊಳ್ಳಬೇಕೆಂದು ಇವತ್ತೇ ಮಾತಾಡಿಟ್ಟುಕೊಳ್ಳಿ.

ಅಡುಗೆಮನೆಯಲ್ಲಿ ಮಾತು ಶುರುವಾಯಿತು. ದೊಡ್ಡಮಗ ವೆಲ್ಡಿಂಗ್ ಕೆಲಸದವನು, ಎಲ್ಲದರಲ್ಲೂ ಮುಂದಾಳು.

"ಸಿಲಿಂಡರು, ಟಿವಿ ನಂದು" ಎಂದ.

"ಕಾಗದದ ಪೆಟ್ಟಿಗೆ, ಮೇಕೆಗಳು ನಂದು" ಎಂದ ವ್ಯಾನ್ ಓಡಿಸುವ ಚಿಕ್ಕವನು.

ದೊಡ್ಡವನ ಹೆಂಡತಿಗೆ ಹೊಲಿಗೆ ಮೆಷಿನ್ ಬಿಟ್ಟರೆ ಬೇರೇನು? ಊರಿನ ಮಕ್ಕಳ ಯೂನಿಫಾರ್ಮೆಲ್ಲ ಅದರ ಸೂಜಿ ಕೆಳಗೇ ಹಾದುಹೋಗುತ್ತಿತ್ತು. ಅದನ್ನು ಸಾಗಿಸಲೆಂದು ಅವಳು ಗುಜರಿಯಿಂದ ಒಂದು ಪುಟ್ಟ ತಳ್ಳುಗಾಡಿ ತಂದು, ಚಕ್ರಕ್ಕೆ ಎಣ್ಣೆ ಬಿಟ್ಟೂ ಆಗಿತ್ತು.

"ಆಯ್ತಲ್ಲ, ಇನ್ನೇನೂ ಉಳೀಲಿಲ್ಲ" ಎಂದ ದೊಡ್ಡವನು.

ನಡುಮನೆಯ ಮಂಚದಲ್ಲಿ ಎಲ್ಲ ಕೇಳಿಸಿಕೊಂಡ ಕಂಡಕ್ಟರಮ್ಮ ತನ್ನ ಹೆಸರು ಬರಲೆಂದು ಕಾದಳು, ಬರಲಿಲ್ಲ. ಅದರ ಹಿಂದೆಯೇ ಸಿಟ್ಟು ಬಂತು. ಅಳುವುದಕ್ಕಿಂತ ಸಿಟ್ಟೇ ವಾಸಿ ಅನ್ನಿಸಿತು.

"ಮೇಕೆಗೂ ಒಬ್ಬ ದಿಕ್ಕಾದ. ನಾನು ಯಾರ ಪಾಲಿಗೆ ಬಂದೆನ್ರೋ?"

ಮೂವರೂ ಬಾಗಿಲಿಗೆ ಬಂದು ನಿಂತರು.

"ಅದನ್ನೂ ಹೇಳ್ಬೇಕೇನಮ್ಮಾ? ತಮ್ಮ ಎತ್ಕೋತಾನೆ ಅಂದ್ಕೊಂಡಿದ್ದೆ" ಎಂದ ದೊಡ್ಡವನು.

"ಅಣ್ಣ ಇದಾನಲ್ಲ ಅಂತ ನಾನು..." ಚಿಕ್ಕವನು ತಲೆ ಕೆರೆದುಕೊಂಡ.

"ಗಂಡಸ್ರು ಇಬ್ಬರಿದಾರಲ್ಲ ಅಂತ ನಾನು" ಎಂದಳು ಸೊಸೆ, ನೆಲ ನೋಡುತ್ತ.

"ಸರಿಹೋಯ್ತು. ನೀವು ಒಬ್ರ ಮುಖ ಒಬ್ರು ನೋಡ್ತಾ ಇರಿ, ನಾನು ತೇಲ್ತಾ ಹೋಗ್ತೀನಿ. ಏಳ್ರೋ! ಈಗ್ಲೇ ಎತ್ತಿ ತೋರ್ಸಿ."

ಮಂಚ ಸಮೇತ ಎತ್ತಿದರು. ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತು. ಉದ್ದಕ್ಕೆ ತಿರುಗಿಸಿದರೂ ಇಲ್ಲ, ಓರೆ ಮಾಡಿದರೂ ಇಲ್ಲ. ಕೊನೆಗೆ ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಬೀದಿಗೆ ಬರುತ್ತಿದ್ದಂತೆ ಚಿಕ್ಕವನ ಕಾಲು ಜಾರಿತು, ಕಂಡಕ್ಟರಮ್ಮ ಚರಂಡಿಯ ಪಕ್ಕ ಬಿದ್ದಳು. ಎದುರುಮನೆಯವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ ಹೊತ್ತಿಗೆ ಸೊಸೆಯ ಗಾಡಿ ಗಡಗಡ ಎನ್ನುತ್ತ ಮೆಷಿನ್ ಹೊತ್ತು ಅರ್ಧ ಏರು ಹತ್ತಿಬಿಟ್ಟಿತ್ತು.

"ಮೆಷಿನ್ನಿಗೆ ಸವಾರಿ, ನನಗೆ ಚರಂಡಿ" ಎಂದಳು ಕಂಡಕ್ಟರಮ್ಮ, ಕೆಸರು ಒರೆಸಿಕೊಳ್ಳುತ್ತ.

ಚಿಕ್ಕವನು ಸೊಂಟ ನೀವಿಕೊಂಡು ಮೆಲ್ಲಗೆ ಹೇಳಿದ. "ಮಳೆ ಮುಗಿಯೋ ತನಕ ಅಮ್ಮನ್ನ ಅಕ್ಕನ ಮನೆಗೆ ಕಳ್ಸಿಬಿಡೋಣ. ವ್ಯಾನಲ್ಲಿ ನಾನೇ ಬಿಟ್ಟು ಬರ್ತೀನಿ."

"ಮಳೆ ಮುಗಿದ್ರೆ ಚಳಿ ಅಂತೀರ, ಚಳಿ ಮುಗಿದ್ರೆ ಇನ್ನೊಂದು ಅಂತೀರ. ನಂಗೊತ್ತಿಲ್ವಾ? ನನ್ನ ಸಂಬಳದಲ್ಲಿ ಎದ್ದ ಮನೆ ಇದು. ನೀವು ಇಲ್ಲಿರೋಷ್ಟು ದಿನ ನಾನೂ ಇರ್ತೀನಿ. ಇನ್ನೊಂದ್ಸಲ ಎತ್ರೋ!"

ಬಿಡಲಿಲ್ಲ ಮುದುಕಿ. ದಿನಾ ಸಂಜೆ ಎತ್ತಿಸಿದಳು, ಇಳಿಸಿದಳು, ಬೈದಳು. ಬೀದಿಯ ಜನ ಮೊದಲು ನಗುತ್ತಿದ್ದರು, ಆಮೇಲೆ ತಮ್ಮ ತಮ್ಮ ಮನೆಯ ಮುದುಕರನ್ನೂ ಎತ್ತಿ ನೋಡತೊಡಗಿದರು. ಮಕ್ಕಳಿಬ್ಬರಿಗೂ ಕೈ ಪಳಗಿತು. "ಅಮ್ಮ ನನ್ನ ಪಾಲು. ತಮ್ಮ ಬರೀ ಕೈ ಹಾಕ್ತಾನೆ" ಎಂದು ದೊಡ್ಡವನು ಎಲ್ಲರೆದುರು ಎದೆ ತಟ್ಟಿ ಹೇಳಿದ. ಅವತ್ತು ಕಂಡಕ್ಟರಮ್ಮನಿಗೆ ಒಳ್ಳೆ ನಿದ್ದೆ ಬಂತು.

ಆದರೆ ಗಂಡಸರು ಮನೆಯಲ್ಲಿದ್ದಾಗಲೇ ಕೂಗುತ್ತೇನೆಂದು ಸೈರನ್ ಯಾರಿಗೂ ಮಾತು ಕೊಟ್ಟಿರಲಿಲ್ಲ. ಅದು ಕೂಗಿದ್ದು ಮಕ್ಕಳಿಬ್ಬರೂ ಕೆಲಸಕ್ಕೆ ಹೋಗಿದ್ದಾಗ, ಒಂದು ಬೆಳಗಿನ ಹೊತ್ತು. ಬೀದಿಯಲ್ಲಿ ಕೂಗಾಟ, ಓಡಾಟ. ಅಂಗಳದಲ್ಲಿ ಸೊಸೆ ಏದುಸಿರು ಬಿಡುತ್ತ ಮೆಷಿನ್ನನ್ನು ಗಾಡಿಗೆ ಏರಿಸುವ ಸದ್ದು ಮಂಚದವರೆಗೂ ಕೇಳಿಸಿತು. ಕಂಡಕ್ಟರಮ್ಮ ಅವಳನ್ನು ಕರೆಯಲಿಲ್ಲ. ಆ ಮೆಷಿನ್ನಿನ ಕಟಕಟ ತಲೆ ತಿನ್ನುತ್ತದೆಂದು ವರ್ಷಗಟ್ಟಲೆ ಆಡಿಕೊಂಡವಳು, ಈಗ ಯಾವ ಮುಖ ಹೊತ್ತು ಕರೆಯುವುದು? ಹಾಗೆಂದು ನೀರು ಬರಲೆಂದು ಕಾಯುವವಳೂ ಅಲ್ಲ. ಮಂಚದಿಂದ ಧೊಪ್ಪನೆ ಉರುಳಿದಳು. ಮೊಣಕೈ ಊರಿ, ಹಲ್ಲು ಕಚ್ಚಿ, ಸತ್ತ ಕಾಲುಗಳನ್ನು ಎಳೆದುಕೊಂಡು ಹೊಸ್ತಿಲ ತನಕ ತೆವಳಿದಳು.

ಸೊಸೆ ಬಾಗಿಲಿಗೆ ಬಂದವಳು ಬೆಚ್ಚಿ ನಿಂತಳು. "ಎಲ್ಲಿಗೆ ಹೊರಟ್ರಿ ಅತ್ತೆ?"

"ಶಾಲೆಗೆ, ಇನ್ನೆಲ್ಲಿಗೆ? ನೀನು ನಿನ್ನ ಪಾಲಿಂದು ನೋಡ್ಕೊಂಡು ನಡಿ."

ಸೊಸೆ ಹಿಂತಿರುಗಿ ಗಾಡಿ ನೋಡಿದಳು. ಅದರಲ್ಲಿ ಇದ್ದದ್ದು ಒಂದಕ್ಕೇ ಜಾಗ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕತ್ತರಿ ತೆಗೆದು ಕಟ್ಟಿದ ಹಗ್ಗ ಕತ್ತರಿಸಿದಳು, ಭುಜ ಕೊಟ್ಟು ನೂಕಿದಳು. ಮೆಷಿನ್ ದಡಾರನೆ ಅಂಗಳಕ್ಕೆ ಬಿತ್ತು, ಅದರ ಕೈಚಕ್ರ ಮುರಿದು ಉರುಳಿಹೋಯಿತು. ಅತ್ತ ನೋಡದೆ ಅತ್ತೆಯ ಕಂಕುಳಿಗೆ ಕೈ ಹಾಕಿದಳು.

"ನನ್ನ ಕುತ್ತಿಗೆ ಹಿಡ್ಕೊಳ್ಳಿ. ಗಟ್ಟಿಯಾಗಿ."

ಎತ್ತಿ ಗಾಡಿಯಲ್ಲಿ ಕೂರಿಸಿ, ನೂಕುತ್ತ ಓಡಿದಳು. ಅರ್ಧ ಏರಿನಲ್ಲಿ ಕಂಡಕ್ಟರಮ್ಮನ ಬಾಯಿ ಶುರುವಾಯಿತು. "ಎಡಕ್ಕೆ, ಎಡಕ್ಕೆ! ಕಲ್ಲಿದೆ! ಹಾಂ, ರೈಟ್, ರೈಟ್!"

"ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಉಸಿರು ಹೋಗ್ತಿರೋದು ನಂದು" ಎಂದು ಸೊಸೆಯೂ ಸರಿಯಾಗಿಯೇ ಕೊಟ್ಟಳು.

ಬೆನ್ನ ಹಿಂದೆ ಗುಡ್ಡ ಗುಡುಗಿದ ಹಾಗಾಯಿತು. ಅವರು ಶಾಲೆಯ ಗೇಟು ದಾಟುವಷ್ಟರಲ್ಲಿ ಕೆಂಪು ನೀರು ಬೀದಿಗೆ ನುಗ್ಗಿ ಬಾಗಿಲು, ಬೇಲಿ, ಬಣವೆ ಎಲ್ಲವನ್ನೂ ಒಟ್ಟಿಗೇ ಎಳೆದುಕೊಂಡು ಹೋಯಿತು.

ಮಕ್ಕಳಿಬ್ಬರೂ ಮೇಲಿನ ರಸ್ತೆಯಿಂದ ಓಡಿಬಂದರು. ಚಿಕ್ಕವನು ಮೂಲೆಯಲ್ಲಿ ನಿಂತು ಅತ್ತ. ದೊಡ್ಡವನು ತಾಯಿಯ ತಲೆ ಮುಟ್ಟಿ, ಕೈ ಕಾಲು ಮುಟ್ಟಿ ನೋಡಿದ. ಉಸಿರು ಹಿಡಿತಕ್ಕೆ ಬಂದ ಮೇಲೆ ಅವನ ಕಣ್ಣು ಗಾಡಿಯತ್ತ ಹೋಯಿತು.

"ಮೆಷಿನ್ ಎಲ್ಲೇ? ನಿನ್ನ ಪಾಲಿಗೆ ಇದ್ದಿದ್ದು ಅದೊಂದೇ ಅಲ್ವಾ?"

ಸೊಸೆಯ ಎರಡೂ ಅಂಗೈ ಸುಲಿದಿದ್ದವು. ಅವಳು ತಲೆ ಎತ್ತಿ ಗಂಡನನ್ನು ನೇರ ನೋಡಿದಳು.

"ನಿಮ್ಮ ಪಾಲಿಂದನ್ನ ನಾನು ತಂದಿದೀನಿ. ನನ್ನ ಪಾಲಿಂದನ್ನ ನೀವು ಹೋಗಿ ತನ್ನಿ."

ಅವನು ಕೆಳಗೆ ನೋಡಿದ. ಮನೆಯ ಹೆಂಚು ಮಾತ್ರ ಕಾಣುತ್ತಿತ್ತು. ಕಂಡಕ್ಟರಮ್ಮ ಸೊಸೆಯ ಸುಲಿದ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಕೇಳಿಸ್ತೇನೋ?" ಎಂದಳು ಮಗನಿಗೆ. "ನೀರು ಇಳಿದ ಮೇಲೆ ಕೆಸರಲ್ಲಿ ಹುಡುಕು. ಸಿಗ್ಲಿಲ್ವಾ, ಹೊಸದು ತಾ. ಅಲ್ಲೀತನಕ ನನ್ನ ಹತ್ರ ಮಾತಾಡೋಕೆ ಬರ್ಬೇಡ."