ಅಮ್ಮನ ಮೂರು ದಿನ

ಡೈರಿಯಲ್ಲಿ ಬರೆದುಕೊಳ್ಳಲೂ ಭಯವಾಗುವ ಅನುಮಾನವೊಂದು ನನಗಿದೆ: ಅಮ್ಮ ತಿಂಗಳು ತಿಂಗಳೂ ಸುಳ್ಳು ಹೇಳುತ್ತಿದ್ದಾಳೆ. ಅವಳಿಗೆ ಮುಟ್ಟು ನಿಂತುಹೋಗಿದೆ. ಹಿತ್ತಲ ತಂತಿಯ ಮೇಲೆ ಅವಳ ಮುಟ್ಟಿನ ಬಟ್ಟೆ ಒಣಗಿದ್ದನ್ನು ಯುಗಾದಿಯಿಂದೀಚೆಗೆ ನಾನು ನೋಡಿಲ್ಲ. ಆದರೂ ಪ್ರತಿ ತಿಂಗಳು ಮೂರು ದಿನ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿಕೊಂಡು ದೂರ ಕೂರುತ್ತಾಳೆ. ಅವಳು ಹಗಲು ಹೊತ್ತು ಬೆನ್ನು ನೆಲಕ್ಕೆ ಹಾಕುವುದು ಆಗ ಮಾತ್ರ. ಅಜ್ಜಿಗೆ ನಿಜ ಗೊತ್ತಾದರೆ ಅದೂ ಹೋಯಿತು.

ದಸರೆಗೆ ಬಂದಿದ್ದ ನೆಂಟರು ಹೊರಟ ಮೇಲೆ ಅಮ್ಮನ ಎದೆ ಇದ್ದಕ್ಕಿದ್ದಂತೆ ಹೊಡೆದುಕೊಳ್ಳತೊಡಗಿತು. ಒಗ್ಗರಣೆ ಹಾಕುತ್ತಿದ್ದವಳು ಬೆವತು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಇವತ್ತು ಲಷ್ಕರ್ ಮೊಹಲ್ಲಾದ ಡಾಕ್ಟರ ಹತ್ತಿರ ಹೋದೆವು. ಅಜ್ಜಿಯೂ ಬಂದಳು.

ಡಾಕ್ಟರು ಇ.ಸಿ.ಜಿ. ಹಾಳೆ ನೋಡಿದರು. "ಇದ್ರಲ್ಲೇನೂ ಕಾಣ್ತಿಲ್ಲ. ಈ ವಯಸ್ಸಲ್ಲಿ ಹಾರ್ಮೋನು ಏರುಪೇರಾದ್ರೂ ಹೀಗಾಗಬಹುದು. ಮುಟ್ಟು ಸರಿಯಾಗಿ ಆಗ್ತಿದೆಯೇನಮ್ಮ?"

ಅಮ್ಮ ತಲೆ ತಗ್ಗಿಸಿದಳು. ಉತ್ತರ ಅಜ್ಜಿಯಿಂದ ಬಂತು. "ಅಯ್ಯೋ, ಗಡಿಯಾರ ತಪ್ಪಿದ್ರೂ ಇವಳ್ದು ತಪ್ಪಾಕಿಲ್ಲ ಕಣ್ರೀ! ಮೂರು ದಿನ ಮಹಾರಾಣಿ ತರ ಬಿದ್ಕೊಂಡಿರ್ತಾಳೆ. ನಮಗೆ ಈ ಬಿ.ಎ. ಪಾಸಾದ ಮೊಮ್ಮಗಳ ಉಪ್ಪಿಲ್ಲದ ಸಾರೇ ಗತಿ."

"ಹಾಗಾದ್ರೆ ಅದಲ್ಲ. ಹೃದಯದ ಮಾತ್ರೆ ಶುರುಮಾಡಿ ನೋಡೋಣ," ಎಂದು ಡಾಕ್ಟರು ಚೀಟಿ ಎಳೆದುಕೊಂಡರು.

ಅಮ್ಮ ನನ್ನತ್ತ ನೋಡಿದಳು, ಹೇಳಬೇಡ ಎನ್ನುವಂತೆ. ಅವಳ ಮಣಿಕಟ್ಟು ಹಿಡಿದೆ, ನಾಡಿ ಓಡುತ್ತಿತ್ತು. ಅವಳಿಗಿದ್ದ ಒಂದೇ ಬಿಡುವನ್ನು ನಾನೇ ಕಿತ್ತುಕೊಳ್ಳಬೇಕಾಗಿತ್ತು.

"ಇಲ್ಲ ಸಾರ್," ಅಂದೆ. "ಅಮ್ಮಂಗೆ ಮುಟ್ಟು ನಿಂತು ಏಳು ತಿಂಗಳಾಯ್ತು."