ಲಝ್ಹರನ ಎರಡನೇ ವಿಚಾರಣೆ

ಕೆರ್ಕೆನ್ನಾ ದ್ವೀಪದ ಮೀನುಗಾರ ಲಝ್ಹರ್ ಜೈಲು ಸೇರಿ ಏಳು ತಿಂಗಳಾಗಿತ್ತು. ನೆರೆಯವನ ದೋಣಿಗೆ ಅವನು ಬೆಂಕಿ ಹಚ್ಚಿದ್ದನ್ನು ಕಂಡೆನೆಂದು ಒಬ್ಬ ಸಾಕ್ಷಿದಾರ ಹೇಳಿದ್ದರಿಂದ ಮೂರು ವರ್ಷ ಶಿಕ್ಷೆ. ಆ ಹೊತ್ತಿನಲ್ಲಿ ತಾನು ಆಸ್ಪತ್ರೆಯಲ್ಲಿದ್ದೆ, ಮೀನಿನ ಮುಳ್ಳು ಸೀಳಿದ ಅಂಗೈಗೆ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದೆ ಎಂದು ಲಝ್ಹರ್ ಹೇಳಿದ್ದ. ಆದರೆ ಆ ತಿಂಗಳ ರೋಗಿಗಳ ಪುಸ್ತಕ ಸಿಗಲಿಲ್ಲ. ಹೊಲಿಗೆ ಹಾಕಿದ ವೈದ್ಯರು ದೇಶ ಬಿಟ್ಟಿದ್ದರು. ಮೇಲ್ಮನವಿಯಲ್ಲೂ ಸೋತ.

ಒಂದು ದಿನ ಆಸ್ಪತ್ರೆಯ ನರ್ಸ್‌ಗೆ ಲಸಿಕೆಯ ಕಡತಗಳ ನಡುವೆ ಆ ಪುಸ್ತಕ ಸಿಕ್ಕಿತು. ಅವಳು ಲಝ್ಹರನ ಹೆಂಡತಿ ಜನ್ನೆತ್‌ಗೆ ತಿಳಿಸಿದಳು. ಆದರೆ ಮತ್ತೆ ಕೋರ್ಟಿಗೆ ಹೋಗಲು ಅತ್ತೆ ಮಬ್ರೂಕಾ ಒಪ್ಪಲಿಲ್ಲ. ಮಗ ಜೈಲಿಗೆ ಹೋದಂದಿನಿಂದ ಅವಳಿಗೆ ಯಾರೂ ಸಲಾಂ ಹೇಳುತ್ತಿರಲಿಲ್ಲ.

"ಎರಡು ಸಲ ಜಡ್ಜು ಹೇಳಾಯ್ತು. ಮತ್ತೆ ಹೋದ್ರೆ ಸಿಟ್ಟಲ್ಲಿ ಇನ್ನೆರಡು ವರ್ಷ ಸೇರಿಸ್ತಾರೆ. ಸುಮ್ನಿರು" ಎಂದಳು.

ಜನ್ನೆತ್ ಅತ್ತೆಯನ್ನು ಅದೇ ಓಣಿಯ ಬೇಯಾ ಮನೆಗೆ ಕರೆದೊಯ್ದಳು. ಬೇಯಾ ಇಪ್ಪತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದವಳು.

"ಅಮ್ಮಾ, ನೀವು ದಯೆ ಕೇಳ್ತಿಲ್ಲ. ಕೋರ್ಟು ಆ ಪುಸ್ತಕ ನೋಡೇ ಇಲ್ಲ. ನೋಡದೇ ಇರೋದನ್ನ ನೋಡಿ ಅಂದ್ರೆ ಯಾಕೆ ಸಿಟ್ಟು ಬರತ್ತೆ?" ಎಂದಳು ಬೇಯಾ.

"ಮತ್ತೆ ಸೋತ್ರೆ? ಊರೆಲ್ಲ ನಗತ್ತೆ."

"ಈಗೇನು ಹೊಗಳ್ತಿದಾರಾ?"

ಮುಂದಿನ ವಾರ ಸೊಸೆಯೊಡನೆ ಜೈಲಿನ ಭೇಟಿಗೆ ಹೋದ ಮಬ್ರೂಕಾ ಮಗನಿಗೆ ಪುಸ್ತಕ ಸಿಕ್ಕ ವಿಷಯ ಹೇಳಿದಳು. ಅವನು ಕೇಳಿದ್ದು ಒಂದೇ: ಅದರಲ್ಲಿ ಹೊತ್ತು ಬರೆದಿದೆಯೇ? ಸಂಜೆ ಆರೂ ಹತ್ತು ಎಂದಿದೆ ಎಂದಾಗ ಅವನು ಸರಳಿಗೆ ಹಣೆ ಆನಿಸಿ ಅತ್ತ. ದೋಣಿ ಹೊತ್ತಿಕೊಂಡದ್ದೂ ಆಗಲೇ. ಮರಳುವಾಗ ಮಬ್ರೂಕಾ ತಾನಾಗಿ ಸೊಸೆಗೆ, "ನಾಳೆನೇ ಅರ್ಜಿ ಬರೆಸೋಣ" ಎಂದಳು.

ಉಚಿತ ಕಾನೂನು ನೆರವಿನ ವಕೀಲರು ಮರುವಿಚಾರಣೆಯ ಅರ್ಜಿ ಬರೆದರು. ಲಝ್ಹರ್ ಸಹಿ ಹಾಕಿದ. ತೀರ್ಪಿನ ನಕಲು, ಪುಸ್ತಕದ ಆ ಪುಟದ ದೃಢೀಕೃತ ಪ್ರತಿ, ನರ್ಸ್‌ ಬರೆದುಕೊಟ್ಟ ಹೇಳಿಕೆ, ಎಲ್ಲವನ್ನೂ ಲಗತ್ತಿಸಿ, ಅಲ್ಲಿನ ನಿಯಮದಂತೆ ನ್ಯಾಯ ಮಂತ್ರಿಗಳಿಗೆ ಕಳಿಸಿದರು. ಮರುವಿಚಾರಣೆಗೆ ಒಪ್ಪಿದ ಉತ್ತರ ಬರಲು ಹನ್ನೊಂದು ತಿಂಗಳು ಹಿಡಿಯಿತು. ಎರಡನೇ ವಿಚಾರಣೆಯಲ್ಲಿ ಆ ಸಾಕ್ಷಿದಾರ, ತಾನು ಕಂಡದ್ದು ಯಾರದೋ ಬೆನ್ನು ಮಾತ್ರ ಎಂದು ಒಪ್ಪಿಕೊಂಡ. ಲಝ್ಹರ್ ನಿರ್ದೋಷಿ ಎಂದು ತೀರ್ಪಾಯಿತು.

ಅವನು ಮನೆಗೆ ಬಂದಾಗ ಪುಟ್ಟ ಮಗಳು ಗುರುತು ಹಿಡಿಯದೆ ಅಜ್ಜಿಯ ಹಿಂದೆ ಅಡಗಿದಳು. ಮಬ್ರೂಕಾ ಅವಳ ಕೈಹಿಡಿದು ಮುಂದೆ ತಂದಳು. "ಇವ್ನೇ ನಿಮ್ಮಪ್ಪ. ಸುಳ್ಳು ಹೇಳಿರ್ಲಿಲ್ಲ."

ಓದುವವರೇ, ಕೇಳಿದವರಿಗೆಲ್ಲ ಮರುವಿಚಾರಣೆ ಸಿಗುವುದಿಲ್ಲ. ಕೋರ್ಟು ನೋಡಿರದ ಹೊಸ ಸಾಕ್ಷ್ಯ ಬೇಕು. ನಿಮ್ಮವರ ವಿಷಯದಲ್ಲಿ ಅಂಥದ್ದು ಕಣ್ಣಿಗೆ ಬಿದ್ದರೆ ನಾಚಿಕೆಗೆ, ಭಯಕ್ಕೆ ಸಿಕ್ಕಿ ಮುಚ್ಚಿಡಬೇಡಿ. ಅದರ ಪ್ರತಿ ಹಿಡಿದು ಈ ವಾರವೇ ಕಾನೂನು ನೆರವಿನ ಕಚೇರಿಗೆ ಹೋಗಿ. ಒಳಗಿರುವವರು ದಿನ ಎಣಿಸುತ್ತಿರುತ್ತಾರೆ.