ಹಡಗಿನ ಪ್ಯಾಕೇಜು

"ಹಡಗಿನಾಗ ಊಟ ಪುಕ್ಕಟೆ ಅಕ್ಕಾರ, ಕುಡಿಯೋದಕ್ಕಷ್ಟ ಬ್ಯಾರೆ," ಎಂದ ಹುಲಿಗೇಶ, ಫೋನನ್ನು ಕೌಂಟರಿನ ಮೇಲೆ ಮಹೇಶ್ವರಿಯ ಕಡೆ ತಿರುಗಿಸಿಡುತ್ತ. "ಅದಕ್ಕ ಪ್ಯಾಕೇಜು ಅಂತಾರ. ಒಮ್ಮಿ ತಗೊಂಡ್ರ ಮುಗೀತು. ಹಡಗು ಇಳಿಯೋ ತನಕ ಎಷ್ಟರ ಕುಡೀರಿ, ಕೇಳೋರಿಲ್ಲ."

ಫೋನಿನಲ್ಲಿ ನೀಲಿ ಸಮುದ್ರವಿತ್ತು. ಅದರ ಮುಂದೆ ಸಾಲಾಗಿ ಗಾಜಿನ ಲೋಟಗಳು, ಕೆಂಪು, ಹಳದಿ, ಹಸಿರು; ಒಂದೊಂದರ ಅಂಚಿಗೂ ನಿಂಬೆಹಣ್ಣಿನ ಹೋಳು. ಗೊತ್ತಿಲ್ಲದವರು ಶರಬತ್ತು ಎಂದುಕೊಳ್ಳಬೇಕು. ಮಹೇಶ್ವರಿಗೆ ಗೊತ್ತಿತ್ತು. ಚಿತ್ರದಿಂದಲೇ ವಾಸನೆ ಬಂದಂತಾಗಿ ಅವಳು ಮುಖ ಹಿಂದಕ್ಕೆಳೆದುಕೊಂಡಳು.

ಗಡಿಯಾಚೆ ಆಂಧ್ರದ ಕೋಸಗಿಯ ಸ್ಟೇಷನ್ ರೋಡಿನಲ್ಲಿ ಅವರದು ಬೀಜ, ಗೊಬ್ಬರದ ಅಂಗಡಿ. ಗಂಡ ಗಾದಿಲಿಂಗಪ್ಪ ಸರಕು ತರಲು ಆದೋನಿಗೆ ಹೋದರೆ ಗಲ್ಲಾದ ಮೇಲೆ ಅವಳೇ ಕೂರುತ್ತಿದ್ದಳು. ಹುಲಿಗೇಶ ಹತ್ತಿಬೀಜದ ಕಂಪನಿಯ ಹುಡುಗ, ಈ ಮುಂಗಾರಿನಿಂದಷ್ಟೇ ಈ ಕಡೆ ಬರುತ್ತಿದ್ದ. ಬೀಜ ಹೆಚ್ಚು ಮಾರಿದ ಅಂಗಡಿಯವರನ್ನೆಲ್ಲ ಕಂಪನಿ ಜೋಡಿ ಸಮೇತ ಚೆನ್ನೈಗೆ ಕರೆದೊಯ್ದು ಹಡಗು ಹತ್ತಿಸಿ ಸಮುದ್ರ ಸುತ್ತಿಸಿ ತರುವುದಿತ್ತು. ಸುದ್ದಿ ಬಂದಾಗಿನಿಂದ ಯೂರಿಯಾ ಒಯ್ಯಲು ಬಂದ ರೈತರೂ "ಹಡಗು ಯಾವಾಗ್ರಿ?" ಎಂದು ಕೇಳಿಯೇ ಮೂಟೆ ಎತ್ತುತ್ತಿದ್ದರು. ಮಹೇಶ್ವರಿ ಅಂತೂ ಆದೋನಿಯಲ್ಲಿ ಗಾಲಿ ಇರುವ ಸೂಟ್‌ಕೇಸು ಕೊಂಡು, ಯಾರೂ ಇಲ್ಲದಾಗ ಪಡಸಾಲೆಯಿಂದ ಅಡಿಗೆಮನೆಯ ತನಕ ಅದನ್ನು ಎಳೆದಾಡಿ ನೋಡಿದ್ದಳು. ತುಂಗಭದ್ರೆಯ ಕಾಲುವೆ ಬಿಟ್ಟರೆ ದೊಡ್ಡ ನೀರು ನೋಡಿದವಳಲ್ಲ. ಇಷ್ಟು ದಿನ ಅವಳಿಗೆ ಭಯವೆಂದರೆ ಹಡಗು ಮುಳುಗೀತೇ ಎಂಬುದೊಂದೇ.

"ನಮಗ ಬ್ಯಾಡ ಬಿಡು ತಮ್ಮಾ," ಎಂದಳು. "ನೀರು ಕುಡಿದ್ರ ಸಾಕು."

"ಅಟ್ಲಾ ಕಾದಕ್ಕಾ," ಎಂದು ಹುಲಿಗೇಶ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬಂದ. ಅವನ ಮಾತು ಯಾವಾಗಲೂ ಹೀಗೇ ಎರಡು ದಂಡೆಯಲ್ಲಿ ಹರಿಯುವಂಥದು. "ಹಂಗಲ್ಲ, ಲಾಸ್ ಆಗ್ತೀರಿ. ಅಲ್ಲಿ ಹೋಗಿ ಬಿಡಿಬಿಡಿಯಾಗಿ ತಗೊಂಡ್ರ ಭಾಳ ತುಟ್ಟಿ. ದಿನಕ್ಕ ಐದಾರು ಗ್ಲಾಸು ಹೊಡೆದ್ರ ಪ್ಯಾಕೇಜು ಗಿಟ್ತೈತಿ. ಅದರ ಮ್ಯಾಲೆ ಕುಡಿದಿದ್ದೆಲ್ಲಾ ಲಾಭನ. ಗಾದಿಲಿಂಗಣ್ಣಗ ಇದನ್ನ ಹೇಳಿಕೊಡಬೇಕಾ?"

ಅದೇ ಅವಳ ಎದೆಗೆ ಬಡಿದದ್ದು. ಗಾದಿಲಿಂಗಪ್ಪ ಕೊಟ್ಟ ದುಡ್ಡಿಗೆ ಗಿಟ್ಟಿಸಿಕೊಳ್ಳದೆ ಎದ್ದುಬರುವ ಪೈಕಿ ಅಲ್ಲ. ಹೊಟ್ಟೆ ತುಂಬಿದ್ದರೂ ಹೋಟೆಲಿನಲ್ಲಿ ಇನ್ನೊಮ್ಮೆ ಸಾರು ಹಾಕಿಸಿಕೊಳ್ಳುವ ಮನುಷ್ಯ. ಅಂಥವನ ಮುಂದೆ ಎಷ್ಟು ಕುಡಿದರೆ ಅಷ್ಟು ಲಾಭ ಎಂದು ಯಾರಾದರೂ ಹೇಳಿದರೆ ಏನಾದೀತು? ಅವನ ಕಣ್ಣು ಅರಿಸಿನದ ಹಾಗೆ ಹಳದಿಯಾಗಿದ್ದದ್ದು, ಹೊಟ್ಟೆ ಊದಿ ಅಂಗಿಯ ಗುಂಡಿ ಹತ್ತದೆ ಹೋದದ್ದು ಅವಳಿಗೆ ನೆನಪಾಯಿತು. ಆದೋನಿಯ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದು, ಇನ್ನೊಮ್ಮೆ ಕುಡಿದರೆ ಉಳಿಸಿಕೊಳ್ಳುವುದು ನನ್ನ ಕೈಯಲ್ಲಿಲ್ಲ ಎಂದಿದ್ದರು.

"ಒಂದು ರೂಮಿನಾಗ ಒಬ್ಬರು ಪ್ಯಾಕೇಜು ತಗೊಂಡ್ರ ಇನ್ನೊಬ್ಬರೂ ತಗೋಬೇಕಂತ ರೂಲು ಐತಿ," ಎಂದು ಹುಲಿಗೇಶ ಮುಂದುವರಿಸಿದ. "ಒಬ್ಬರ ಗ್ಲಾಸು ಇಬ್ಬರು ಕುಡೀಬಾರದಂತ."

ಮಹೇಶ್ವರಿಗೆ ಹೋದ ಉಸಿರು ಬಂತು. "ಅಂದ್ರ ನಾ ತಗೊಳಿಲ್ಲಂದ್ರ ಅವರಿಗೂ ಇಲ್ಲ?"

"ಒಂದ ರೂಮಿನಾಗ ಇದ್ರ ಇಲ್ಲ. ಆದ್ರ ನಿಮ್ಮದು ಬ್ಯಾರೆ ಕದಾ? ನೀವು ಚೇತನಕ್ಕ ಒಂದು ರೂಮು. ಅಣ್ಣ, ಕೌತಾಳದ ಯರ್ರೆಪ್ಪಣ್ಣ ಒಂದು ರೂಮು. ಹೋದವಾರನ ಅಣ್ಣ ಫೋನ್ ಮಾಡಿ ಹಂಗ ಹಾಕಿಸ್ಯಾರ." ಅವಳ ಮುಖ ನೋಡಿ ಹುಡುಗ ಮಾತು ತಡೆದ. "ಹೇಳಿಲ್ಲೇನ್ರಿ?"

"ಹೇಳ್ಯಾರ," ಎಂದಳು ಮಹೇಶ್ವರಿ. "ಮರತಿದ್ದೆ."

ಸಂಜೆಯೊಳಗೆ ಹೇಳಿದರೆ ಕಡಿಮೆಗೆ ಸಿಗುತ್ತದೆ, ಆಮೇಲೆ ತನ್ನ ಕೈಯಲ್ಲಿಲ್ಲ ಎಂದು ಹೇಳಿ ಹುಲಿಗೇಶ ಬೈಕು ಹತ್ತಿದ. ಆಮೇಲೆ ಬಂದ ಗಿರಾಕಿಗಳಿಗೆ ಅವಳು ಏನು ಕೊಟ್ಟಳೋ, ಏನು ಬಿಟ್ಟಳೋ. ಮೆಣಸಿನಕಾಯಿ ಬೀಜ ಕೇಳಿದವನ ಮುಂದೆ ಈರುಳ್ಳಿ ಬೀಜದ ಡಬ್ಬಿ ಇಟ್ಟು ಬೈಸಿಕೊಂಡಳು. ಯರ್ರೆಪ್ಪ ಎಂದರೆ ಯಾರು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೌತಾಳದಲ್ಲಿ ಅವನದೂ ಇಂಥದೇ ಅಂಗಡಿ, ಚೇತನ ಅವನ ಹೆಂಡತಿ. ಆದೋನಿಗೆ ಸರಕಿಗೆಂದು ಹೋದ ಇಬ್ಬರೂ ದುಡ್ಡೆಲ್ಲ ಕುಡಿದು ಕೈ ಬೀಸಿಕೊಂಡು, ಒಬ್ಬರ ಹೆಗಲ ಮೇಲೊಬ್ಬರು ಬಿದ್ದುಕೊಂಡು ಬರುತ್ತಿದ್ದ ಕಾಲವೊಂದಿತ್ತು. ಈಗ ಅವನ ಜೊತೆಯೇ ರೂಮು ಹಾಕಿಸಿದ್ದಾನೆ, ಅದೂ ಹೇಳದೆ. ಹೊಸ ಸೀರೆ ಯಾವುದು ಉಡುತ್ತೀ ಎಂದು ನಿನ್ನೆ ರಾತ್ರಿ ಕೇಳಿದವನು ಇದನ್ನು ಹೇಳಲಿಲ್ಲ.

ಆ ಕಡೆ ಕುಡಿತ ಬಿಡಬೇಕೆನ್ನುವವರು ಪಾಂಡುರಂಗನ ಗುಡಿಗೆ ಹೋಗಿ ತುಳಸಿಮಾಲೆ ಹಾಕಿಸಿಕೊಳ್ಳುತ್ತಾರೆ. ಮಾಲೆ ಕೊರಳಲ್ಲಿರುವ ತನಕ ಮುಟ್ಟುವಂತಿಲ್ಲ. ಮುಟ್ಟಿದರೆ ಕೇಡು ತಪ್ಪಿದ್ದಲ್ಲ ಎಂದು ನಂಬಿಕೆ. ಎಷ್ಟೋ ಮನೆಗಳನ್ನು ಆ ನಂಬಿಕೆ ಉಳಿಸಿದೆ. ಆದರೆ ಅದಕ್ಕೂ ಜನ ಒಂದು ಕಿಂಡಿ ಕೊರೆದಿಟ್ಟುಕೊಂಡಿದ್ದಾರೆ. ಮಾಲೆ ತೆಗೆದು, ನೆಲಕ್ಕೆ ತಾಗಿಸದೆ, ಹೆಂಡತಿಯ ಕೈಗೆ ಕೊಡಬೇಕು. ಆಕೆ ಹಿಡಿದುಕೊಂಡಿರುವಷ್ಟು ಹೊತ್ತು ಕುಡಿದದ್ದನ್ನು ದೇವರು ನೋಡುವುದಿಲ್ಲವಂತೆ. ಯಾವ ಪೂಜಾರಿಯೂ ಹೀಗೆ ಹೇಳಿದ್ದಿಲ್ಲ. ಕುಡಿಯುವವರೇ ಒಬ್ಬರಿಗೊಬ್ಬರು ಹೇಳಿಕೊಂಡು ಗಟ್ಟಿ ಮಾಡಿಕೊಂಡ ಮಾತು.

ಗಾದಿಲಿಂಗಪ್ಪ ಮೊದಲ ಸಲ ಮಾಲೆ ಹಾಕಿಸಿಕೊಂಡಿದ್ದಾಗ ಸಿ. ಬೆಳಗಲ್ಲಿನಲ್ಲಿ ಅವನ ಅಕ್ಕನ ಮಗನ ಮದುವೆಯಾಯಿತು. ಚಪ್ಪರದ ಹಿಂದೆ ಅವಳನ್ನು ಕರೆದು, "ಒಂದು ತಾಸು ಹಿಡ್ಕೋ ಮಹೇಶ್ವರಿ, ಎಲ್ಲಾರೂ ನಗ್ತಾರ," ಎಂದು ಕೈ ಮುಗಿದಿದ್ದ. ಅವಳು ಹಿಡಿದುಕೊಂಡಳು. ಅಕ್ಷತೆಯ ಕೈ ಒಂದು, ಮಾಲೆಯ ಕೈ ಇನ್ನೊಂದು. ಆ ಒಂದು ತಾಸು ಮುಗಿಯಲೇ ಇಲ್ಲ. ವಾರ ಕಳೆಯುವುದರೊಳಗೆ ರಕ್ತ ಕಾರಿಕೊಂಡವನನ್ನು ಆದೋನಿಗೆ ಒಯ್ದಿದ್ದರು. ಬದುಕಿ ಬಂದವನು ಮತ್ತೆ ಹೋಗಿ ಮಾಲೆ ಹಾಕಿಸಿಕೊಂಡಿದ್ದ. ಅಂದಿನಿಂದ ಇಂದಿನವರೆಗೂ ಅದು ಕೊರಳಿನಲ್ಲೇ ಇತ್ತು.

ಹೊತ್ತು ಇಳಿಯುವಾಗ ಗೂಡ್ಸ್ ಆಟೋ ಬಂದು ನಿಂತಿತು. ಗಾದಿಲಿಂಗಪ್ಪ ಹಮಾಲನ ಜೊತೆ ಸೇರಿ ಡಬ್ಬಿಗಳನ್ನು ಇಳಿಸಿದ. ಕೈಕಾಲು ತೊಳೆದು ಅಂಗಡಿಯ ಹಿಂದಿನ ಪಡಸಾಲೆಗೆ ಬಂದ. ಅವಳು ಚಹಾ ಕೊಡಲಿಲ್ಲ. ಅಷ್ಟರಲ್ಲೇ ಅವನಿಗೆ ಗೊತ್ತಾಗಿರಬೇಕು.

"ಹುಲಿಗೇಶ ಬಂದಿದ್ನೇನು?" ಎಂದ.

"ಯರ್ರೆಪ್ಪನ ಸಂಗಾಟ ಯಾಕ ರೂಮು ಹಾಕಿಸೀರಿ?" ಕೂಗಾಡಬೇಕೆಂದು ಮಧ್ಯಾಹ್ನದಿಂದ ಕಾದಿದ್ದ ಮಾತು ಬಾಯಿಂದ ಸಣ್ಣಗೆ ಬಂತು. "ಕುಡಿಯಾಕ? ನನ್ನೂ ಚೇತನಾನ್ನೂ ಒಂದು ರೂಮಿನಾಗ ಕೂಡಿಸಿ ನೀವಿಬ್ಬರು ಕುಡೀತೀರಿ. ನಡು ಸಮುದ್ರದಾಗ ನಿಮಗೇನರ ಆದ್ರ ನಾ ಯಾರನ್ನ ಕರೀಲಿ? ಯಾವ ದವಾಖಾನಿಗೆ ಒಯ್ಯಲಿ?"

ಗಾದಿಲಿಂಗಪ್ಪ ಗೋಡೆಗೆ ಒರಗಿ ಕುಳಿತ.

"ಯರ್ರೆಪ್ಪನೂ ಶ್ರಾವಣದಾಗ ಮಾಲಿ ಹಾಕಿಸ್ಕೊಂಡಾನ," ಎಂದ. "ಯಾರಿಗೂ ಹೇಳಿಲ್ಲ. ಮುರದ್ರ ನಗ್ತಾರಂತ ಅಂಗಿ ಒಳಗ ಇಟ್ಕೊಂಡು ತಿರಗ್ತಾನ. ಇಬ್ಬರೂ ಮಾತಾಡಿವಿ. ಒಂದು ರೂಮಿನಾಗ ಇದ್ರ ಅವ ತಗೊಳಾರದ ನಾ ತಗೊಳಂಗಿಲ್ಲ, ನಾ ತಗೊಳಾರದ ಅವ ತಗೊಳಂಗಿಲ್ಲ. ಬಿಡಿಯಾಗಿ ಕೇಳಾಕ ಹೋದ್ರ ಇಬ್ಬರ‍್ಯಾಗ ಒಬ್ಬ ಕೊಳ್ಳಪಟ್ಟಿ ಹಿಡೀತಾನ."

"ನನ್ನ ಸಂಗಾಟ ಇದ್ರೂ ಅದ ಆಗ್ತೈತಲ್ಲ? ನಾ ಏನು ಪ್ಯಾಕೇಜು ತಗೋತಿದ್ನಾ?"

"ನೀನು ತಗೊಳಂಗಿಲ್ಲ. ಕೊಡ್ತೀ." ಅವನು ಅವಳ ಮುಖ ನೋಡದೆ ಹೇಳಿದ. "ನಾ ಕೇಳಿದ್ರ ನೀನು ಕೊಡ್ತೀ ಮಹೇಶ್ವರಿ. ಬೆಳಗಲ್‌ದಾಗ ಕೊಟ್ಟಿ. ಅದಕ್ಕೂ ಮುಂಚೆ ಕೈ ನಡುಗಿದಾಗೆಲ್ಲಾ ನೀನ ತರಿಸಿ ಕೊಟ್ಟಿ. ನನಗ ಆ ಹಡಗಿಂದು ಅಂಜಿಕಿಲ್ಲ. ನಿಂದು ಅಂಜಿಕಿ ಐತಿ."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅದು ನಿಜವಾಗಿತ್ತು. ಅವನು ಬೇಡಿದಾಗ ಇಲ್ಲವೆಂದ ಒಂದು ದಿನವನ್ನು ಹುಡುಕಿದಳು, ಒಂದೂ ಸಿಗಲಿಲ್ಲ. ಇಷ್ಟು ವರ್ಷ ಗಂಡನ ಕುಡಿತಕ್ಕೆ ಹೆದರಿದವಳು ಈಗ ಮೊದಲ ಸಲ ತನಗೆ ತಾನೇ ಹೆದರಿದಳು.

"ಹೋಗೋದ ಬ್ಯಾಡ ಬಿಡ್ರಿ," ಎಂದಳು. "ಹಡಗೂ ಬ್ಯಾಡ, ಏನೂ ಬ್ಯಾಡ."

"ಇಲ್ಲಿ ಇದ್ರ? ಸ್ಟೇಷನ್ ರೋಡಿನಾಗ ನಮ್ಮ ಅಂಗಡಿ ಬಿಟ್ಟು ನಾಕನೇದು ಬ್ರಾಂಡಿ ಅಂಗಡೀನ ಅಲ್ಲ? ದಿನಾ ಅದರ ಮುಂದ ಕಣ್ಣು ಮುಚ್ಚಿಕೊಂಡು ಬರ್ತೀನಿ. ನಾಳೆ ಯಾರದರ ಮದುವಿ ಬರ್ತೈತಿ. ಎಲ್ಲೆಲ್ಲಿ ಹೋಗದ ಇರಾಣ?"

ಗೂಡ್ಸ್ ರೈಲೊಂದು ಸ್ಟೇಷನ್ನು ದಾಟಿತು. ಆಮೇಲೆ ಮಹೇಶ್ವರಿ ಎದ್ದು ಹುಲಿಗೇಶನಿಗೆ ಫೋನು ಹಚ್ಚಿದಳು. "ತಮ್ಮಾ, ನಂದು ಅವರದು ಒಂದ ರೂಮು ಮಾಡು. ಪ್ಯಾಕೇಜು ಬ್ಯಾಡ. ಯರ್ರೆಪ್ಪಣ್ಣಂದು ಚೇತನಾಂದು ಇನ್ನೊಂದು." ಹುಡುಗ ಆ ಕಡೆಯಿಂದ ಲಾಸು, ಲಾಭ ಎಂದು ಇನ್ನೂ ಏನೋ ಹೇಳುತ್ತಿದ್ದ. ಅವಳು ಇಟ್ಟುಬಿಟ್ಟಳು. ಕಾವಲು ತಪ್ಪಿದ ಯರ್ರೆಪ್ಪನ ಗತಿ ಏನು ಎಂಬುದು ಆ ಹೊತ್ತಿಗೆ ಅವಳಿಗೆ ಹೊಳೆಯಲೇ ಇಲ್ಲ.

"ನಾನ ಅಂತೀನಿ," ಎಂದಳು ಗಂಡನ ಕಡೆ ತಿರುಗಿ. "ಬ್ಯಾಡ ಅನ್ನೋದು ಬ್ಯಾರೆಯವರು ಯಾಕ? ನಾನ ಅಂತೀನಿ."

"ಅಂತೀಯಾ?" ಗಾದಿಲಿಂಗಪ್ಪ ನಕ್ಕ. ಬೆಳಗಿನಿಂದ ಆ ಮನೆಯಲ್ಲಿ ಅದೇ ಮೊದಲ ನಗು. "ಎಲ್ಲಿ, ಈಗ ಅನ್ನು ನೋಡೋಣ. ಹಡಗಿನಾಗ ಅದೀವಿ ಅಂತ ತಿಳ್ಕೋ. ಎಲ್ಲಾರೂ ಮ್ಯಾಲೆ ಕುಂತಾರ. ಹಾಡು ಹಚ್ಯಾರ. ನಾ ಬಂದು ಕೇಳ್ತೀನಿ." ಅವನು ಅವಳ ಎದುರಿಗೆ ಸರಿದು ಕುಳಿತು, ಮಾಲೆಯನ್ನು ತಲೆಯ ಮೇಲಿಂದ ಎತ್ತಿ ತೆಗೆದು, ಅಂಗೈಯಲ್ಲಿಟ್ಟು ಚಾಚಿದ. "ಒಂದು ತಾಸು ಹಿಡ್ಕೋ."

"ಬ್ಯಾಡ," ಎಂದಳು. ಅವಳಿಗೂ ನಗು ಬಂತು. ಮಕ್ಕಳಾಟದ ಹಾಗಿತ್ತು.

"ಒಂದ ಗ್ಲಾಸು. ಎಲ್ಲಾರೂ ನಗಾಕ ಹತ್ಯಾರ, ಹೆಂಡತಿಗೆ ಅಂಜ್ತಾನಂತ."

"ನಗಲಿ. ಬ್ಯಾಡ."

"ಮಹೇಶ್ವರಿ." ಅವನ ದನಿ ತಗ್ಗಿತು. "ಎಷ್ಟು ದಿನ ಆತು ನೋಡು. ನಾ ಏನರ ಕೇಳೀನೇನು? ಹೊಟ್ಟಿ ಈಗ ಚಲೋ ಐತಿ, ಡಾಕ್ಟರ ಹೇಳ್ಯಾನ. ರಾತ್ರಿ ನಿದ್ದಿ ಬರಂಗಿಲ್ಲ, ನಿನಗ ಗೊತ್ತೈತಿ. ಒಮ್ಮಿ. ಒಂದ ಒಮ್ಮಿ. ನಿನ್ನ ಕಾಲು ಹಿಡೀತೀನಿ."

ಅವಳ ನಗು ನಿಂತಿತು. ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಇದು ಹಡಗಿನ ಮಾತಾಗಿ ಉಳಿದಿರಲಿಲ್ಲ. ಚಪ್ಪರದ ಹಿಂದೆ ಕೇಳಿದ್ದ ದನಿಯೇ ಇದು, ಅದೇ ಮೆತ್ತಗಿನ, ಅಳುವ ಅಂಚಿಗೆ ಬಂದು ನಿಂತ ದನಿ. ಅದನ್ನು ಕೇಳಿದರೆ ಅವಳ ಒಳಗೆ ಏನೋ ಕರಗಿ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಈಗಲೂ ಹೋಯಿತು. ಬೆರಳು ತುಳಸಿಮಣಿಗೆ ತಾಗಿದಾಗಲೇ ಅವಳಿಗೆ ಎಚ್ಚರವಾದದ್ದು.

"ಬ್ಯಾಡ!" ಎಂದು ಕಿರುಚಿದಳು.

ಪಕ್ಕದ ಮನೆಯ ಲಿಂಗಕ್ಕ ಗೋಡೆಯಾಚೆಯಿಂದ "ಏನಾತ ಮಹೇಶ್ವರಿ?" ಎಂದು ಕೂಗಿದಳು.

"ಏನಿಲ್ಲಬೇ, ಏನಿಲ್ಲ."

ಗಾದಿಲಿಂಗಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ, ಮಾಲೆಯನ್ನು ಕೊರಳಿಗೆ ಹಾಕಿಕೊಳ್ಳಲೂ ಇಲ್ಲ. ಅವಳ ಬೆರಳು ಮುಂದೆ ಬಂದದ್ದನ್ನು ಅವನೂ ನೋಡಿದ್ದ.

"ಇನ್ನೊಮ್ಮಿ ಕೇಳ್ತೀನಿ," ಎಂದ.

ಮಹೇಶ್ವರಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಮೈಭಾರವನ್ನೆಲ್ಲ ಅವುಗಳ ಮೇಲೆ ಬಿಟ್ಟು ಕುಳಿತಳು.

"ಕೇಳ್ರಿ," ಎಂದಳು.